ಲೀಡ್ಸಿನಲ್ಲಿ ನನಗೆ ವೋಟು, ನಮ್ಮ ಲೈನ್ ಮನೆಯವರಿಗೆ ಇಲ್ಲ

ನನ್ನ ಹತ್ತಿರ ಇರುವುದು ಇಂಡಿಯನ್ ಪಾಸ್‌ಪೋರ್ಟ್. ಅದನ್ನೇ ತೋರಿಸಿ 2024ರ ಜುಲೈ 4ರಂದು, ನಾನಿರುವ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ, ಬ್ರಿಟನ್ನಿನ ಪಾರ್ಲಿಮೆಂಟ್ ಚುನಾವಣೆಗೆ ವೋಟು ಹಾಕಿದೆ. ತೀರ್ಥಹಳ್ಳಿ ಕಡೆ ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಸ್ವಲ್ಪ ಸಿಟ್ಟೂ ಆಗುತ್ತಾರೆ. "ಎಂತ ಮಾರಾಯ, ಆ ದೇಶದ ಪ್ರಜೆಯೇ ಅಲ್ಲ ನೀನು, ನಿನಗೆಂತ ವೋಟು?" ಅಂತ ನಮ್ಮ ಭಾವ ಕೇಳಿದರು. ಅವರು ಪಕ್ಷದ ಕೆಲಸ ಮಾಡುವವರು, ಬೂತ್ ಏಜೆಂಟ್ ಆಗಿ ಕೂತು ಅಭ್ಯಾಸ ಇರುವವರು, ಚುನಾವಣೆ ವಿಷಯದಲ್ಲಿ ಅವರಿಗೆ ಸುಮ್ನೆ ಏನಾದರೂ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ವಿಷಯ ಇಷ್ಟೇ. ಬ್ರಿಟನ್ನಿನಲ್ಲಿ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಸರಿಯಾದ ವೀಸಾದ ಮೇಲೆ ಅಲ್ಲಿ ವಾಸ ಇದ್ದರೆ ಪಾರ್ಲಿಮೆಂಟಿಗೂ ವೋಟು ಹಾಕಬಹುದು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೈಜೀರಿಯ ಎಲ್ಲರೂ ಬಂದರು. ಐರ್ಲೆಂಡಿನವರಿಗೂ ಉಂಟು. ಪಕ್ಕದ ಫ್ರಾನ್ಸಿನವರಿಗೆ, ಜರ್ಮನಿಯವರಿಗೆ ಇಲ್ಲ. ಇದರಲ್ಲಿ ದೊಡ್ಡ ಔದಾರ್ಯ ಏನೂ ಇಲ್ಲ, ಹಳೆಯ ಸಾಮ್ರಾಜ್ಯದ ಲೆಕ್ಕಪತ್ರದಲ್ಲಿ ಉಳಿದುಹೋದ ಒಂದು ಸಾಲು ಅಷ್ಟೇ. ಆಗ ಎಲ್ಲರೂ ಒಬ್ಬನೇ ರಾಜನ ಪ್ರಜೆಗಳು, ಈಗ ಆ ರಾಜ ನಮ್ಮನ್ನು ಆಳದಿದ್ದರೂ ಸಾಲು ಅಳಿಸಿಲ್ಲ. ಇನ್ನೂ ಒಂದು ತಮಾಷೆ ಅಂದರೆ ಅದೇ ಸಾಮ್ರಾಜ್ಯ ಇಲ್ಲಿ ಆಳುವಾಗ ನಮ್ಮ ಅಜ್ಜಂದಿರಲ್ಲಿ ಜಮೀನು, ತೆರಿಗೆ, ಓದು ಇದ್ದವರಿಗೆ ಮಾತ್ರ ವೋಟು ಕೊಟ್ಟಿತ್ತು.

ಹೆಸರು ಸೇರಿಸುವುದು ಅಲ್ಲಿ ಬಹಳ ಸುಲಭ. ಆನ್‌ಲೈನಿನಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ಯಾವ ದೇಶದ ಪ್ರಜೆ ಅನ್ನುವುದು, ಮತ್ತೆ ನ್ಯಾಷನಲ್ ಇನ್ಶೂರೆನ್ಸ್ ನಂಬರು ಕೊಟ್ಟರೆ ಆಯಿತು. ಆ ನಂಬರನ್ನು ಅವರು ಸರ್ಕಾರದ ಕಡತದ ಜೊತೆ ತಾಳೆ ನೋಡುತ್ತಾರೆ. ತಾಳೆ ಬಿದ್ದರೆ ನಮ್ಮ ತಂಟೆಗೇ ಬರುವುದಿಲ್ಲ. ವರ್ಷಕ್ಕೊಮ್ಮೆ ಕೌನ್ಸಿಲಿನಿಂದ ಕಾಗದ ಬರುತ್ತದೆ, ಈ ಮನೆಯಲ್ಲಿ ಇಂತಿಂಥವರು ಇದ್ದಾರೆ ಅಂತ ನಮ್ಮ ಲೆಕ್ಕ, ಬದಲಾಗಿದ್ದರೆ ಹೇಳಿ ಅಂತ. ಹೆಸರು ಸೇರಿಸಿಕೊಳ್ಳದೆ ಕೂತರೆ 80 ಪೌಂಡ್ ದಂಡ ಹಾಕುವ ಅಧಿಕಾರವೂ ಅವರಿಗಿದೆ. ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕಿನವರು ಸಾಲ ಕೊಡುವಾಗಲೂ ನಂಬುತ್ತಾರೆ, ಹಾಗಾಗಿ ರಾಜಕೀಯದ ಗಾಳಿಯೂ ತಾಗದ ನಮ್ಮ ಕನ್ನಡದ ಹುಡುಗರು ಬಂದಿಳಿದ ತಿಂಗಳಲ್ಲೇ ಹೆಸರು ಹಾಕಿಸಿಬಿಡುತ್ತಾರೆ.

ಗುರುತಿನ ಚೀಟಿಯ ಗಲಾಟೆ ಅಲ್ಲಿ ಈಚಿನದು. 2023ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಬೂತಿಗೆ ಹೋಗಿ ಹೆಸರು, ವಿಳಾಸ ಹೇಳಿದರೆ ಸಾಕು, ಬ್ಯಾಲೆಟ್ ಪೇಪರ್ ಹರಿದು ಕೈಗೆ ಕೊಡುತ್ತಿದ್ದರು. ಒಳಗೆ ದಾರ ಕಟ್ಟಿದ ಪೆನ್ಸಿಲ್. ಶಾಯಿ ಇಲ್ಲ, ಫೋಟೋ ಇಲ್ಲ, ಏಜೆಂಟರ ಬೆಂಚಿಲ್ಲ. ನಮ್ಮ ಭಾವ ಇದನ್ನು ಕೇಳಿ "ಹಾಗಾದ್ರೆ ಒಬ್ಬನೇ ಹತ್ತು ಸಲ ಹಾಕ್ಲಿಕ್ಕೆ ಅಡ್ಡಿಯೆಂತ?" ಅಂದರು. ಸರಿಯಾದ ಪ್ರಶ್ನೆಯೇ. ಉತ್ತರ ಅಂದರೆ ಹಾಗೆ ಮಾಡಿದವರು ಸಿಕ್ಕಿದ್ದು ಬೆರಳೆಣಿಕೆಯಷ್ಟು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಕಳ್ಳವೋಟಿನ ಕಾಟ ಇತ್ತು, ಅಲ್ಲಿ 2003ರಿಂದಲೇ ಫೋಟೋ ಕಾರ್ಡು ಕಡ್ಡಾಯ. ಉಳಿದ ಕಡೆ 2022ರ ಚುನಾವಣಾ ಕಾಯ್ದೆ ಬಂದ ಮೇಲೆ, 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಮೊದಲ ಸಲ ಕಾರ್ಡು ಕೇಳಿದರು. ಆಗ ಸುಮಾರು 14 ಸಾವಿರ ಜನ ಕಾರ್ಡಿಲ್ಲದೆ ಬೂತಿನಿಂದ ವಾಪಸ್ ಹೋಗಿ ವೋಟು ಹಾಕದೆ ಉಳಿದರು ಅಂತ ಅಲ್ಲಿನ ಚುನಾವಣಾ ಆಯೋಗವೇ ಹೇಳಿತು. ಮಾರನೇ ವರ್ಷ ಬೋರಿಸ್ ಜಾನ್ಸನ್ ಕೂಡ ಬರಿಗೈಯಲ್ಲಿ ಬೂತಿಗೆ ಹೋಗಿ, ಕಾರ್ಡು ತನ್ನಿ ಅನ್ನಿಸಿಕೊಂಡು, ಮನೆಗೆ ಹೋಗಿ ತಂದು ವೋಟು ಹಾಕಿದರು. ಆ ಕಾಯ್ದೆ ಮಾಡಿದ್ದು ಅವರದೇ ಸರ್ಕಾರ! ಬೂತಿನ ಸಿಬ್ಬಂದಿಗೆ ನನ್ನ ಒಂದು ನಮಸ್ಕಾರ.

ಇನ್ನೊಂದು ಕುಚೋದ್ಯ ನೋಡಿ. ಮುದುಕರ ಬಸ್ ಪಾಸು ಅಲ್ಲಿ ನಡೆಯುತ್ತದೆ, ಹುಡುಗರ ರೈಲು ಕಾರ್ಡು ನಡೆಯುವುದಿಲ್ಲ. ಮುದುಕರು ಯಾವ ಪಕ್ಷಕ್ಕೆ ಜಾಸ್ತಿ ವೋಟು ಹಾಕುತ್ತಾರೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಹಾಗಾಗಿ ಜನ ಆಡಿಕೊಂಡರು. ನನ್ನಂಥವನಿಗೆ ಈ ಯಾವ ತೊಂದರೆಯೂ ಇಲ್ಲ, ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ಯಾವುದಿದ್ದರೂ ಗುರುತಿಗೆ ಆಗುತ್ತದೆ. ಈಗಿನ ಲೇಬರ್ ಸರ್ಕಾರ ಬ್ಯಾಂಕ್ ಕಾರ್ಡನ್ನೂ ಒಪ್ಪುತ್ತೇವೆ, ವೋಟಿನ ವಯಸ್ಸನ್ನು 16ಕ್ಕೆ ಇಳಿಸುತ್ತೇವೆ ಅಂತ 2025ರಲ್ಲಿ ಹೇಳಿದೆ.

ಬೂತಿನಲ್ಲಿ ಕಾರ್ಡು ಕೇಳುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಈ ವಿಷಯದಲ್ಲಿ ನಾನು ಭಾವನ ಪಕ್ಷ. ಲೀಡ್ಸಿನ ನನ್ನ ಸಹೋದ್ಯೋಗಿಗಳು ಇದನ್ನು ದೊಡ್ಡ ದಬ್ಬಾಳಿಕೆ ಅಂತ ಮಾತಾಡುವಾಗ ನನಗೆ ಒಳಗೇ ನಗು ಬರುತ್ತಿತ್ತು. ನಮ್ಮಲ್ಲಿ 1993ರಲ್ಲಿ, ಟಿ. ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ ವೋಟರ್ ಕಾರ್ಡು ಶುರುವಾಯಿತು. ಅದಿಲ್ಲದಿದ್ದರೆ ಆಧಾರ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಫೋಟೋ ಇರುವ ಪಾಸ್‌ಬುಕ್ಕು, ಡ್ರೈವಿಂಗ್ ಲೈಸೆನ್ಸು, ಪಾನ್, ಪಿಂಚಣಿ ಪುಸ್ತಕ, ಏನಾದರೊಂದು ತೋರಿಸಬಹುದು. ಇವತ್ತು ಮಲೆನಾಡಿನ ಯಾವ ಕೊಂಪೆಗೆ ಹೋದರೂ ಇದರಲ್ಲಿ ಒಂದೂ ಇಲ್ಲದವರು ಸಿಗುವುದು ಕಷ್ಟ. ಎಲ್ಲರ ಹತ್ತಿರ ಇರುವುದನ್ನು ಕೇಳಿದರೆ ತೊಂದರೆ ಏನು? ಬ್ರಿಟನ್ನಿನವರಿಗೆ ರಾಷ್ಟ್ರೀಯ ಗುರುತಿನ ಕಾರ್ಡೇ ಇಲ್ಲ, ಮಾಡಲು ಹೋಗಿ ಕೈಬಿಟ್ಟರು, ಹಾಗಾಗಿ ಅವರಿಗೆ ಅದು ತಲೆನೋವು.

ಮೇಲಾಗಿ ನಮ್ಮ ಕಡೆ ಬೂತ್ ಅಂದರೆ ಗೊತ್ತಲ್ಲ. ಸರ್ಕಾರಿ ಪ್ರೈಮರಿ ಶಾಲೆ, ಹೊರಗೆ ಚೀಟಿ ಬರೆದುಕೊಡುವ ಎರಡು ಮೂರು ಟೇಬಲ್ಲು, ಒಳಗೆ ಎಲ್ಲ ಪಕ್ಷದ ಏಜೆಂಟರು. ಆ ಏಜೆಂಟರಿಗೆ ಬೂತಿನ ಅಷ್ಟೂ ಜನರ ಮನೆ, ಮನೆತನ, ಯಾರು ಯಾವ ಊರಿಗೆ ಮದುವೆಯಾಗಿ ಹೋದರು, ಯಾರು ಬೆಂಗಳೂರು ಸೇರಿದರು ಎಲ್ಲ ಬಾಯಿಪಾಠ. ಭಾವನ ಕಣ್ಣು ತಪ್ಪಿಸಿ ಇನ್ನೊಬ್ಬನ ಹೆಸರಿನಲ್ಲಿ ವೋಟು ಹಾಕುವುದಕ್ಕಿಂತ ಆಧಾರ್ ಮೆಷಿನ್ನಿಗೆ ಮೋಸ ಮಾಡುವುದು ಸುಲಭ. ಮೇಲಿಂದ ಎಡಗೈ ತೋರುಬೆರಳಿಗೆ ಮೈಸೂರಿನ ಶಾಯಿ. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಆ ಶಾಯಿ ಹೋಗುವುದು ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಿಂದ, ಅದು ನಾಲ್ವಡಿಯವರು 1937ರಲ್ಲಿ ಕಟ್ಟಿಸಿದ್ದು.

ಭಾವನಿಂದ ಕೇಳಿ ತಿಳಿದ ಇನ್ನೊಂದು ನಿಯಮ ನನಗೆ ಬಹಳ ಇಷ್ಟವಾಯಿತು. ಏಜೆಂಟನಿಗೆ ಬಂದವನ ಮೇಲೆ ಅನುಮಾನ ಬಂದರೆ ತಕರಾರು ಎತ್ತಬಹುದು. ಆದರೆ ಮೊದಲು ಎರಡು ರೂಪಾಯಿ ಇಡಬೇಕು. ಹೌದು, 1961ರ ನಿಯಮ, ಇವತ್ತಿಗೂ ಎರಡೇ ರೂಪಾಯಿ. ಆಮೇಲೆ ಪ್ರಿಸೈಡಿಂಗ್ ಆಫೀಸರ್ ಕೇಳುವುದು ತಕರಾರು ಮಾಡಿದವನನ್ನೇ, ನಿನ್ನ ಹತ್ತಿರ ಏನು ಆಧಾರ ಇದೆ ಅಂತ. ಅವನು ಏನೂ ತೋರಿಸದಿದ್ದರೆ ಅಲ್ಲಿಗೆ ಮುಗಿಯಿತು, ಬಂದವನು ವೋಟು ಹಾಕುತ್ತಾನೆ. ಆಧಾರ ಇದೆ ಅಂತ ಕಂಡರೆ ಮಾತ್ರ ಮತದಾರನ ಉತ್ತರ ಕೇಳುವುದು. ಸುಮ್ಮನೆ ಕೀಟಲೆಗೆ ಎತ್ತಿದ ತಕರಾರು ಅಂತಾದರೆ ಎರಡು ರೂಪಾಯಿಯೂ ಹೋಯಿತು. ಭಾವ ಇಷ್ಟು ವರ್ಷದಲ್ಲಿ ಎಷ್ಟು ಸಲ ಆ ದುಡ್ಡು ಕಳೆದುಕೊಂಡಿದ್ದಾರೆ ಅಂತ ಕೇಳಿದೆ, ಹೇಳಲಿಲ್ಲ.

ಸುಪ್ರೀಂ ಕೋರ್ಟು 1995ರಲ್ಲಿ ಲಾಲ್‌ಬಾಬು ಹುಸೇನ್ ಪ್ರಕರಣದಲ್ಲಿ ಪಟ್ಟಿಯ ಬಗ್ಗೆಯೂ ಸುಮಾರು ಇದನ್ನೇ ಹೇಳಿದೆ. ಹೆಸರು ಮೊದಲೇ ಪಟ್ಟಿಯಲ್ಲಿದ್ದರೆ ಅವನು ಪ್ರಜೆ ಅಂತಲೇ ಹಿಡಿಯಬೇಕು, ಅಲ್ಲ ಅನ್ನುವವನು ತೋರಿಸಬೇಕು. ಅನುಮಾನ ಪಡುವವನ ಮೇಲೆ ಭಾರ ಇಡುವ ಈ ಪದ್ಧತಿ ನಮ್ಮದೇ. ಇದನ್ನು ಬಿಟ್ಟು ಈಗ ಮತದಾರನ ತಲೆಯ ಮೇಲೆ ಭಾರ ಹೊರಿಸುವ ಕಡೆ ನಾವೂ, ಬೇರೆ ಕೆಲವು ದೇಶಗಳೂ ವಾಲುತ್ತಿವೆ.

2025ರ ಜೂನ್‌ನಲ್ಲಿ ಬಿಹಾರದಲ್ಲಿ ಆಯೋಗ ಪಟ್ಟಿಯನ್ನು ಹೊಸದಾಗಿ ಪರಿಷ್ಕರಿಸಲು ಹೊರಟಿತು. 2003ರ ಪಟ್ಟಿಯಲ್ಲಿ ಇಲ್ಲದವರು 11 ದಾಖಲೆಗಳಲ್ಲಿ ಒಂದನ್ನಾದರೂ ಕೊಡಬೇಕು ಅಂತಾಯಿತು. ಆ 11ರಲ್ಲಿ ಆಧಾರ್ ಇರಲಿಲ್ಲ, ಆಯೋಗವೇ ಕೊಟ್ಟ ವೋಟರ್ ಕಾರ್ಡೂ ಇರಲಿಲ್ಲ. ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೋದವು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಆಧಾರ್ 12ನೆಯದಾಗಿ ಸೇರಿತು, ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ. 7.89 ಕೋಟಿ ಇದ್ದ ಪಟ್ಟಿ ಕೊನೆಗೆ 7.42 ಕೋಟಿಗೆ ನಿಂತಿತು. ಸತ್ತವರ ಹೆಸರು ತೆಗೆಯುವುದು ಬೇಡ ಅಂತ ಯಾರೂ ಹೇಳುವುದಿಲ್ಲ. ನಮ್ಮ ಬೂತಿನಲ್ಲೂ ವೈಕುಂಠ ಸಮಾರಾಧನೆ ಆಗಿ ಎಷ್ಟೋ ಕಾಲವಾದವರ ಹೆಸರು ಪಟ್ಟಿಯಲ್ಲಿ ಆರಾಮಾಗಿ ಕೂತಿರುತ್ತದೆ. ಮನೆಮನೆಗೆ ಹೋಗಿ ಕೇಳಲಿ, ತೆಗೆಯಲಿ. ಆದರೆ ಬದುಕಿರುವವರ ಹತ್ತಿರ ನೀನು ಎಲ್ಲಿ ಹುಟ್ಟಿದೆ, ಕಾಗದ ತೋರಿಸು ಅಂದಾಗ ಕಥೆ ಬೇರೆಯಾಗುತ್ತದೆ.

ನಮ್ಮ ಮನೆಯನ್ನೇ ತಗೊಳ್ಳಿ. ಅಮ್ಮ ಹುಟ್ಟಿದ್ದು ಅಜ್ಜಿಯ ಮನೆಯ ಕತ್ತಲೆ ಕೋಣೆಯಲ್ಲಿ, ಆಸ್ಪತ್ರೆಯಲ್ಲಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ, ಅಮ್ಮ ಅದಕ್ಕೂ ಹಿರಿಯಳು. ಹುಟ್ಟಿದ ತಾರೀಕು ಅಂತ ಇರುವುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕ ಹಾಕಿ ಬರೆದದ್ದು, ಅದೂ ಜೂನ್ 1. ನಮ್ಮ ಕಡೆ ಆ ತಲೆಮಾರಿನ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು. ಇದರ ಮೇಲೆ ಮದುವೆ ದಿನ ಹೆಸರು ಬದಲಿಸಿದರು. ತವರಿನಲ್ಲಿ ಒಂದು, ಇಲ್ಲಿ ಒಂದು. ಶಾಲೆಯ ಟಿಸಿಯಲ್ಲಿ ಹಳೆಯ ಹೆಸರು, ರೇಷನ್ ಕಾರ್ಡಿನಲ್ಲಿ ಹೊಸದು, ಪಾಸ್‌ಬುಕ್ಕಿನಲ್ಲಿ ಹೊಸ ಹೆಸರಿಗೆ ಅಪ್ಪಯ್ಯನ ಹೆಸರು ಅಂಟಿಕೊಂಡು ಮೂರನೆಯದು. ಇವೆಲ್ಲ ಒಬ್ಬಳೇ ಹೆಂಗಸು ಅಂತ ಕಾಗದದಲ್ಲಿ ತೋರಿಸು ಅಂದರೆ ನಾಡಕಚೇರಿಯ ಮೆಟ್ಟಿಲು ಸವೆಯಬೇಕು. ಪೌರತ್ವ ಕಾಯ್ದೆಯಲ್ಲಿ ಇವರ ಬಗ್ಗೆ ಗೊಂದಲವೇ ಇಲ್ಲ, 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು, ಅಪ್ಪ ಅಮ್ಮ ಯಾರು ಅಂತಲೂ ಕೇಳುವಂತಿಲ್ಲ. ಹಕ್ಕು ಗಟ್ಟಿಯಾಗಿದೆ, ಕಾಗದ ಮಾತ್ರ ಇಲ್ಲ.

ಇದು ಇವತ್ತಿನ ತೊಂದರೆಯೂ ಅಲ್ಲ. ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಮಾತ್ರ ಬರೆಸಿದ್ದರು. ಆಗಿನ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಆ ಹೆಂಗಸರನ್ನು ಪಟ್ಟಿಯಿಂದ ತೆಗೆಸಿಬಿಟ್ಟರು. ಮುಂದಿನ ಸಲ ಸರಿಹೋಯಿತು ಅನ್ನಿ. ಆದರೂ ಕಾಗದ ಬಿಗಿ ಮಾಡಿದಾಗ ಮೊದಲು ಬೀಳುವವರು ಯಾರು ಅಂತ ಆಗಲೇ ಗೊತ್ತಾಗಿತ್ತು.

ಅಮೆರಿಕದಲ್ಲೂ ಇದೇ ರಗಳೆ ಶುರುವಾಗಿದೆ. ಅಲ್ಲಿ ರಾಷ್ಟ್ರಮಟ್ಟದ ಚುನಾವಣೆಗೆ ಪ್ರಜೆಗಳಲ್ಲದವರು ವೋಟು ಹಾಕುವುದು ಅಪರಾಧ, 1996ರ ಕಾನೂನು. ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ತಲೆ ನರೆತಿದ್ದಾನೆ, ತೆರಿಗೆ ಕಟ್ಟುತ್ತಾನೆ, ಮಕ್ಕಳು ಅಲ್ಲೇ ಹುಟ್ಟಿದವರು, ವೋಟು ಇಲ್ಲ. ಗೊತ್ತಿಲ್ಲದೆ ಹಾಕಿದರೂ ದೇಶದಿಂದಲೇ ಹೊರಗೆ ಹಾಕಬಹುದು, ಹಾಗಾಗಿ ಅವನು ಬೂತಿನ ರಸ್ತೆಯಲ್ಲೇ ಓಡಾಡುವುದಿಲ್ಲ ಅಂತ ತಮಾಷೆ ಮಾಡುತ್ತಾನೆ. ಈಗ ಪಟ್ಟಿಗೆ ಸೇರುವಾಗಲೇ ಪೌರತ್ವದ ಕಾಗದ ತೋರಿಸಬೇಕು ಅನ್ನುವ ಮಸೂದೆಯನ್ನು 2025ರಲ್ಲಿ ಅಲ್ಲಿನ ಕೆಳಮನೆ ಒಪ್ಪಿತು. ಇಂಥದ್ದನ್ನು ಕ್ಯಾನ್ಸಾಸ್ ರಾಜ್ಯ 2013ರಿಂದ ಮಾಡಿ ನೋಡಿತ್ತು. ಸುಮಾರು 31 ಸಾವಿರ ಜನರ ಅರ್ಜಿ ನಿಂತುಹೋದವು. 2018ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಆ ರಾಜ್ಯದಲ್ಲಿ ಸುಮಾರು ಎರಡು ದಶಕದಲ್ಲಿ ಪಟ್ಟಿಗೆ ಸೇರಿದ್ದ ವಿದೇಶಿಯರು ಅಂತ ಕೋರ್ಟಿನ ಮುಂದೆ ಗಟ್ಟಿಯಾಗಿ ನಿಂತದ್ದು 39. ಹೊಸ ಮಸೂದೆಯ ಬಗ್ಗೆ ಅಲ್ಲಿನ ಹೆಂಗಸರ ದೂರು ಏನು ಗೊತ್ತಾ? ಮದುವೆಯಾದ ಮೇಲೆ ಹೆಸರು ಬದಲಾಗಿದೆ, ಬರ್ತ್ ಸರ್ಟಿಫಿಕೇಟಿನ ಹೆಸರು ಈಗ ಹೊಂದುವುದಿಲ್ಲ ಅಂತ. ಅಮ್ಮನಿಗೆ ಹೇಳಿದೆ, "ಅಲ್ಲಿಯೂ ಹಾಗೇ ಮಾಡ್ತಾರಾ?" ಅಂತ ಆಶ್ಚರ್ಯಪಟ್ಟಳು.

ಮಲೆನಾಡಿನವರಿಗೆ ಕಾಗದದ ಕಥೆ ಬಿಡಿಸಿ ಹೇಳಬೇಕಾಗಿಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ಕೈಯಲ್ಲಿ ಒಂದು ಪಹಣಿಯೂ ಇರಲಿಲ್ಲ, ಉಳುವ ಗದ್ದೆ ಒಡೆಯರ ಹೆಸರಿನಲ್ಲಿ, ಎಷ್ಟೋ ಕಡೆ ಇರುವ ಗುಡಿಸಲಿನ ಜಾಗವೂ ಅವರದೇ ಹೆಸರಿನಲ್ಲಿ. ಮಾರನೇ ವರ್ಷ 1952ರಲ್ಲಿ ಅದೇ ಜನ ವೋಟು ಹಾಕಿದರು, ಸಾಗರ ಹೊಸನಗರ ಕ್ಷೇತ್ರದಿಂದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಭೂಮಿ ಅವರ ಹೆಸರಿಗೆ ಬರುವ ದಾರಿ ತೆರೆದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚಿನಲ್ಲಿ. ನೋಡಿ, ವೋಟು ಬಂದು 22 ವರ್ಷ ಆದ ಮೇಲೆ ಕಾಗದ ಬಂತು, ಮತ್ತೆ ಆ ವೋಟು ಇದ್ದದ್ದರಿಂದಲೇ ಕಾಗದ ಬಂತು ಅಂತ ನನ್ನ ಲೆಕ್ಕ. ಮೊದಲು ಕಾಗದ ತೋರಿಸಿ ಆಮೇಲೆ ವೋಟು ಅಂದಿದ್ದರೆ ನಮ್ಮ ಸೀಮೆಯ ಚರಿತ್ರೆಯೇ ಬೇರೆ ಆಗುತ್ತಿತ್ತು.

ಶರಾವತಿ ಮುಳುಗಡೆಯವರದು ಇನ್ನೂ ಕಷ್ಟ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಊರು, ತೋಟ, ದೇವಸ್ಥಾನ ಎಲ್ಲ ನೀರಿಗೆ ಬಿಟ್ಟು ಕಾಡಿನ ಅಂಚಿಗೆ ಹೋಗಿ ಕೂತವರು, ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಒಂದು ಇಲಾಖೆ ಕೊಟ್ಟ ಜಾಗ ಇನ್ನೊಂದು ಇಲಾಖೆಯ ಕಡತದಲ್ಲಿ ಅರಣ್ಯ. ಇಡೀ ರಾಜ್ಯಕ್ಕೆ ಕರೆಂಟು ಕೊಟ್ಟು ಕತ್ತಲಲ್ಲಿ ಕೂತ ಜನ ಅವರು. ಅವರಿಗೆ ಸರ್ಕಾರದ ಲೆಕ್ಕದಲ್ಲಿ ಗಟ್ಟಿಯಾಗಿ ಉಳಿದಿರುವ ಗುರುತು ಅಂದರೆ ಮತದಾರರ ಪಟ್ಟಿ. ಪ್ರತಿ ಚುನಾವಣೆಯಲ್ಲೂ ಹಕ್ಕುಪತ್ರದ ಮಾತು ಎದ್ದೇ ಏಳುತ್ತದೆ, ಕೊಡುತ್ತಾರೋ ಬಿಡುತ್ತಾರೋ ಬೇರೆ ಮಾತು, ಆದರೆ ಅವರ ಮನೆ ಬಾಗಿಲಿಗೆ ಬರುವುದು ವೋಟಿದೆ ಅನ್ನುವ ಕಾರಣಕ್ಕೆ.

ಇಲ್ಲಿಗೆ ಬಂದಾಗ ಭಾವ ತಿರುಗಿಬಿದ್ದರು. "ಹಾಗಾದ್ರೆ ಯಾರು ಬೇಕಾದ್ರೂ ಬಂದು ಕೂತು ವೋಟು ಹಾಕ್ಬಹುದಾ? ತೋಟಕ್ಕೆ ಬರೋ ಅಸ್ಸಾಮಿನವ್ರು ಬಾಂಗ್ಲಾದವ್ರು ಅಂತ ಯಾರಿಗೆ ಗೊತ್ತು?"

ಈ ಪ್ರಶ್ನೆ ಬಿಟ್ಟು ಮುಂದೆ ಹೋಗುವಂತಿಲ್ಲ. ಕೊಪ್ಪ, ಶೃಂಗೇರಿ, ಮೂಡಿಗೆರೆಯ ಕಾಫಿ ತೋಟಗಳಲ್ಲಿ, ಈಗ ನಮ್ಮ ಕಡೆ ಅಡಿಕೆ ತೋಟಗಳಲ್ಲೂ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರು ಕೆಲಸ ಮಾಡುತ್ತಿದ್ದಾರೆ. ನಮ್ಮ ಹುಡುಗರು ಬೆಂಗಳೂರಿಗೆ ಹೋದರು, ನಾನು ಲೀಡ್ಸಿಗೆ ಹೋದೆ, ಇವರು ನಮ್ಮ ಜಾಗಕ್ಕೆ ಬಂದರು. ನಮ್ಮ ಪರಿಚಿತರೊಬ್ಬರ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಕಟ್ಟಿದ ಸಾಲು ಮನೆಯಲ್ಲಿ, ಅಸ್ಸಾಮಿನ ಒಂದು ಸಂಸಾರ ವರ್ಷಗಳಿಂದ ಇದೆ. ಮಕ್ಕಳು ನಮ್ಮ ಕನ್ನಡ ಶಾಲೆಗೇ ಹೋಗುತ್ತಾರೆ, ಕನ್ನಡ ಮಾತಾಡುವುದು ನೋಡಿದರೆ ಬೆಂಗಳೂರಿನಲ್ಲಿ ಬೆಳೆದ ನಮ್ಮ ಮನೆಯ ಮಕ್ಕಳು ನಾಚಬೇಕು. ಅಪ್ಪ ಅಮ್ಮ ಇಬ್ಬರಿಗೂ ವೋಟರ್ ಕಾರ್ಡಿದೆ, ಅಸ್ಸಾಮಿನದು. ಚುನಾವಣೆ ಬಂದರೆ ಅಲ್ಲಿಗೆ ಹೋಗಿಬರುವ ರೈಲು ಖರ್ಚಿಗೆ ತಿಂಗಳ ಸಂಪಾದನೆ ಬೇಕು, ಹಾಗಾಗಿ ಹೋಗುವುದಿಲ್ಲ. ಇಲ್ಲಿ ಪಟ್ಟಿಯಲ್ಲಿಲ್ಲ. ಅಂದರೆ ಸಂವಿಧಾನದ 326ನೇ ವಿಧಿ ಪ್ರಕಾರ ಪ್ರಜೆಗಳು, 18 ತುಂಬಿದವರು, ಅಸ್ಸಾಮಿನ ಪಟ್ಟಿಯಲ್ಲಿ ಹೆಸರೂ ಇದೆ, ಆದರೂ ಲೆಕ್ಕಕ್ಕಿಲ್ಲ. ಬ್ರಿಟನ್ನಿನ ಪ್ರಜೆಯೇ ಅಲ್ಲದ ನಾನು ಲೀಡ್ಸಿನ ರಸ್ತೆ ಗುಂಡಿಯ ಬಗ್ಗೆ ನನ್ನ ಎಂಪಿಗೆ ಜೋರು ಮಾಡಿ ಕಾಗದ ಬರೆಯುತ್ತೇನೆ!

1950ರ ಪ್ರಜಾಪ್ರತಿನಿಧಿ ಕಾಯ್ದೆ ಕೇಳುವುದು ಸರಳ, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸ ಇರಬೇಕು ಅಂತ. ಮನೆ, ಜಮೀನು ಸ್ವಂತ ಇರಬೇಕು ಅಂತ ಎಲ್ಲೂ ಇಲ್ಲ. ಅಲ್ಲಿ ಮನೆ ಇದೆ ಅಂದ ಮಾತ್ರಕ್ಕೆ ವಾಸಿ ಆಗುವುದಿಲ್ಲ ಅಂತಲೇ ಬರೆದಿದೆ. ಊರಿನಲ್ಲಿ ಮನೆ, ತೋಟ ಇಟ್ಟುಕೊಂಡು ಬೆಂಗಳೂರಿನಲ್ಲಿ ಕಾಯಮ್ಮಾಗಿ ಕೂತವರು ಇದನ್ನು ಓದಿ ಸ್ವಲ್ಪ ಕೆಮ್ಮಬಹುದು, ಅಲ್ವಾ? ಭಾವನ ಬೂತಿನಲ್ಲಿ ಅಂಥವರು ಬೇಕಾದಷ್ಟು ಇದ್ದಾರೆ, ಚುನಾವಣೆಗೆ ಕಾರು ಮಾಡಿಕೊಂಡು ಬರುತ್ತಾರೆ, ಅವರ ಮೇಲೆ ಭಾವ ಯಾವತ್ತೂ ಎರಡು ರೂಪಾಯಿ ಇಟ್ಟಿಲ್ಲ.

ಬಾಂಗ್ಲಾದವರೋ ಅಲ್ಲವೋ ಅನ್ನುವ ಅನುಮಾನಕ್ಕೆ ನನ್ನ ಉತ್ತರ ಇಷ್ಟು. ಹೊರದೇಶದವರು ನಮ್ಮ ಲೋಕಸಭೆಗೆ ವೋಟು ಹಾಕಬಾರದು, ಅದು ನಮ್ಮ ಸಂವಿಧಾನ, ಬದಲಿಸಿ ಅಂತ ನಾನು ಹೇಳುತ್ತಿಲ್ಲ. ನ್ಯೂಜಿಲೆಂಡಿನವರು 1975ರಿಂದ ಕಾಯಂ ವಾಸಿಗಳಿಗೆಲ್ಲ ವೋಟು ಕೊಟ್ಟಿದ್ದಾರೆ, ಅದು ಅವರ ಇಷ್ಟ. ಆದರೆ ಅನುಮಾನ ಇದ್ದರೆ ವಿಚಾರಿಸುವ ದಾರಿ ಇದೆ. ಅಸ್ಸಾಮಿನ ಅವರ ಕಾರ್ಡಿನ ನಂಬರು ಆಯೋಗದ ಕಂಪ್ಯೂಟರಿನಲ್ಲೇ ಇದೆ, ಅಲ್ಲಿಂದ ಇಲ್ಲಿಗೆ ತಾಳೆ ನೋಡಲು ತಹಶೀಲ್ದಾರರ ಕಚೇರಿಗೆ ಎಷ್ಟು ಹೊತ್ತು ಬೇಕು? ಸುಳ್ಳು ಹೇಳಿ ಹೆಸರು ಸೇರಿಸಿದರೆ ಒಂದು ವರ್ಷದವರೆಗೆ ಜೈಲು ಅಂತ ಕಾಯ್ದೆಯಲ್ಲಿದೆ. ಇಷ್ಟೆಲ್ಲ ಇಟ್ಟುಕೊಂಡು ಕೂಲಿಯವನ ಕೈಯಲ್ಲಿ ಅವನ ಅಜ್ಜನ ಕಾಗದ ಕೇಳುವುದು ಕೆಲಸ ತಪ್ಪಿಸಿಕೊಳ್ಳುವ ಉಪಾಯ.

ಇನ್ನು ನನ್ನ ವೋಟಿನ ವಿಷಯ. ಊರಿನ ಪಟ್ಟಿಯಲ್ಲಿ ನನ್ನ ಹೆಸರು ಈಗ ಇಲ್ಲ. ನಮ್ಮ ಕಡೆ ಬಿಎಲ್ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಆಗಿರುವ ಅಂಗನವಾಡಿ ಟೀಚರ್ ಮಳೆಯಲ್ಲಿ ಕೊಡೆ ಹಿಡಿದು, ಇಂಬಳಕ್ಕೆ ಸುಣ್ಣ ಹಚ್ಚಿಕೊಂಡು, ಗುಡ್ಡ ಹತ್ತಿ ಒಂದೊಂದೇ ಮನೆ ಸುತ್ತುತ್ತಾರೆ. ಮಲೆನಾಡಿನಲ್ಲಿ ಊರು ಅಂದರೆ ಒಂದು ಮನೆಗೂ ಇನ್ನೊಂದಕ್ಕೂ ಮಧ್ಯೆ ಒಂದು ಕಾಡು. ಅವರು ಕೇಳಿದಾಗ ಅಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು, ಮಗ ಫಾರಿನ್ನಿನಲ್ಲೇ ಇದ್ದಾನೆ ಅಂತ. ಹೆಸರು ಹೋಯಿತು. ಅಮ್ಮನಿಗೆ ಬೇಜಾರಾಯಿತು, ಮನೆಯಿಂದಲೇ ಹೊರಗೆ ಹಾಕಿದರು ಅನ್ನುವ ಹಾಗೆ. ಟೀಚರ್ ಮಾಡಿದ್ದು ನೂರಕ್ಕೆ ನೂರು ಸರಿ. ನಾನು ಬೇಕಾದರೆ ಫಾರಂ 6ಎ ಹಾಕಿ ಹೊರದೇಶದ ಮತದಾರನಾಗಿ ಸೇರಬಹುದು, 2010ರಲ್ಲಿ ಕಾಯ್ದೆ ತಿದ್ದಿ ಹಾಗೆ ಮಾಡಿದ್ದಾರೆ. ಆದರೆ ವೋಟು ಹಾಕಲು ಪಾಸ್‌ಪೋರ್ಟ್ ಹಿಡಿದು ಅದೇ ಬೂತಿಗೆ ಬರಬೇಕು. 2024ರಲ್ಲಿ ಹೀಗೆ ಸೇರಿದವರು ಸುಮಾರು 1.2 ಲಕ್ಷ, ಬಂದು ವೋಟು ಹಾಕಿದವರು ಮೂರು ಸಾವಿರಕ್ಕಿಂತ ಕಡಿಮೆ, ಅವರಲ್ಲಿ ಹೆಚ್ಚಿನವರು ಕೇರಳದವರು. ಗಲ್ಫಿನಿಂದ ವಿಮಾನದಲ್ಲಿ ಬಂದು ವೋಟು ಹಾಕಿ ಹೋಗುವ ಅವರ ಹುರುಪಿಗೆ ಏನನ್ನುವುದು!

ಹೊರದೇಶದ ಕನ್ನಡಿಗರ ಕೂಟಗಳಲ್ಲಿ ನಮಗೂ ಅಂಚೆ ಮತ ಬೇಕು ಅನ್ನುವ ಮಾತು ಆಗಾಗ ಬರುತ್ತದೆ. ಬದಲಿ ವ್ಯಕ್ತಿಯ ಕೈಲಿ ವೋಟು ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ ಅಲ್ಲಿಗೇ ಬಿದ್ದುಹೋಯಿತು. ನನಗೆ ಬೇಡ. ಎಲೆಚುಕ್ಕಿ ರೋಗ ಬಂದು ಮರ ಒಣಗುವುದನ್ನು ನಾನು ವಿಡಿಯೋ ಕಾಲಿನಲ್ಲಿ ನೋಡುತ್ತೇನೆ. ಹೊರಗಿನಿಂದ ಅಡಿಕೆ ಆಮದಾಗಿ ಧಾರಣೆ ಬಿದ್ದರೆ ನನ್ನ ಸಂಬಳ ಕಡಿಮೆ ಆಗುವುದಿಲ್ಲ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಇರುವ ಕಸ್ತೂರಿರಂಗನ್ ವರದಿ ಜಾರಿಯಾದರೂ ಆಗದಿದ್ದರೂ ನನ್ನ ಮನೆಗೆ ಅರಣ್ಯ ಇಲಾಖೆಯ ಜೀಪು ಬರುವುದಿಲ್ಲ. ಅಲ್ಲಿ ಕೂತು ಇಲ್ಲಿಯ ಎಂಪಿಯನ್ನು ನಾನು ಆರಿಸುವುದು ಅಂದರೆ ಪರಿಣಾಮ ಅನುಭವಿಸದೆ ತೀರ್ಪು ಕೊಟ್ಟ ಹಾಗೆ. ಇಷ್ಟಕ್ಕೂ ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡು ಒಸಿಐ ಕಾರ್ಡು (ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಕೊಡುವುದು) ಮಾಡಿಸಿಕೊಂಡವರಿಗೆ ಇಲ್ಲಿ ವೋಟು ಇಲ್ಲವೇ ಇಲ್ಲ, ಆ ಗೆಳೆಯರೇ ನಮ್ಮ ಕೂಟದಲ್ಲಿ ಊರಿನ ರಾಜಕೀಯ ಜಾಸ್ತಿ ಮಾತಾಡುವುದು.

ಲೈನ್ ಮನೆಯ ಆ ಸಂಸಾರದ ಮಾತಿಗೆ ಬಂದರೆ, ಅವರಿಗೆ ಬೇಕಾದದ್ದು ಫಾರಂ 8. ವಾಸ ಬದಲಾದವರು ರಾಜ್ಯ ಬೇರೆಯಾದರೂ ಅದನ್ನೇ ಹಾಕುವುದು, ಅಲ್ಲಿಯ ಹೆಸರು ಹೋಗಿ ಇಲ್ಲಿಗೆ ಬರುತ್ತದೆ, ಎರಡು ಕಡೆ ಇರುವ ಪ್ರಶ್ನೆಯೇ ಬರುವುದಿಲ್ಲ. ತೊಡಕಿರುವುದು ವಾಸದ ಆಧಾರದಲ್ಲಿ. ಕರೆಂಟ್ ಬಿಲ್ಲು ತೋಟದ ಮಾಲೀಕರ ಹೆಸರಿನಲ್ಲಿದೆ, ಬಾಡಿಗೆ ಕರಾರು ಇಲ್ಲ, ಆಧಾರಿನಲ್ಲಿ ಅಸ್ಸಾಮಿನ ವಿಳಾಸ. ಇಂಥ ಕಾಗದ ಯಾವುದೂ ಇಲ್ಲದಿದ್ದರೆ ಬಿಎಲ್ಒ ಸ್ಥಳಕ್ಕೆ ಬಂದು ನೋಡಿ ಬರೆಯಬೇಕು. ಬರುವ ದಿನ ಮಾಲೀಕರು ಎದುರು ನಿಂತು ಹೌದು, ಇವರು ಇಲ್ಲೇ ಇರುವುದು ಅಂತ ಹೇಳಿದರೆ ಕೆಲಸ ಮುಗಿಯುತ್ತದೆ. ಎಷ್ಟೋ ಮಾಲೀಕರು ಹೇಳುವುದಿಲ್ಲ, ನಾಳೆ ಲೈನ್ ಮನೆಯ ಮೇಲೆ ಹಕ್ಕು ಕೇಳಿಯಾರು ಅಂತ ಹೆದರುತ್ತಾರೆ. ಗೇಣಿ ಕಾಲದ ಹೆದರಿಕೆ ಅದು, ಇನ್ನೂ ಹೋಗಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಬಂದರೆ ಜಾಗದ ಹಕ್ಕು ಬರುವುದಿಲ್ಲ, ಬರುವ ಹಾಗಿದ್ದರೆ ಶರಾವತಿಯವರಿಗೆ ಎಂದೋ ಬರಬೇಕಿತ್ತು.

ನಮ್ಮ ಪರಿಚಿತರು ಕೊನೆಗೆ ಒಪ್ಪಿದ್ದಾರೆ. ಫಾರಂ ತುಂಬಲು ಕೂತಾಗ ಭಾವನೂ ಬಂದು, ಮೂಗು ಮುರಿಯುತ್ತಲೇ, ಭಾಗದ ಸಂಖ್ಯೆ, ಬೂತಿನ ಹೆಸರು ಎಲ್ಲ ಸರಿಯಾಗಿ ಬರೆಸಿದರು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷಕ್ಕೆ ನಾಲ್ಕು ತಾರೀಕಿಗೆ 18 ತುಂಬಿದವರನ್ನು ಸೇರಿಸುತ್ತಾರೆ, ಆ ಮನೆಯ ದೊಡ್ಡ ಮಗಳಿಗೂ ಹತ್ತಿರ ಬಂತು ಅಂತ ಲೆಕ್ಕ ಹಾಕಿ ಹೇಳಿದವರೂ ಅವರೇ. ಯಾವ ಪಕ್ಷಕ್ಕೆ ಹಾಕಬೇಕು ಅಂತ ಆ ಹುಡುಗಿಗೆ ಆಗಲೇ ಹೇಳಲು ಶುರು ಮಾಡಿದ್ದಾರೆ.